ಪಕ್ಷದ ಹದಿನೈದು ದಿನ, ಗೋಕರ್ಣಕ್ಕೆ ಎರಡು ಹರದಾರಿ

ಗಣಪತಿ ನೀರಿಗೆ ಹೋದ ಮೇಲೆ ಶಿರಸಿ ಕಡೆಯ ಮನೆಗಳಿಗೆ ಒಂದೇ ಬಗೆಯ ಫೋನು ಬರತೊಡಗುತ್ತದೆ. ಬೆಂಗಳೂರಿನಿಂದ, ಪುಣೆಯಿಂದ, ಕೆಲವೊಮ್ಮೆ ಸಮುದ್ರದಾಚೆಯಿಂದ. "ಅಪ್ಪನ ಪಕ್ಷ ಯಾವತ್ತು ಬರುತ್ತದೆ? ರಜೆ ಹಾಕಬೇಕು." ಕೇಳುವವರು ಮೂವತ್ತು ದಾಟಿದವರು. ಅಪ್ಪ ಇದ್ದಷ್ಟು ದಿನ ಪಂಚಾಂಗ ನೋಡುವ ಕೆಲಸ ಅಪ್ಪನದು. ಈಗ ಏಕಾಏಕಿ ತಮ್ಮ ಪಾಲಿಗೆ ಬಂದಿದೆ.

ನನಗೆ ಬಂದ ಫೋನು ಅಕ್ಕನ ಮಗನದು. ಭಾವ ತೀರಿಕೊಂಡು ಎರಡನೆಯ ವರ್ಷ. ಮೊದಲ ವರ್ಷ ಪಕ್ಷ ಮಾಡದಿರುವುದು ಹಲವು ಮನೆಗಳ ರೂಢಿಯಾದ್ದರಿಂದ ಅವನಿಗೆ ಇದೇ ಮೊದಲು. "ಮಾವ, ವರ್ಷಕ್ಕೊಮ್ಮೆ ತಿಥಿ ಮಾಡುತ್ತೇವಲ್ಲ, ಮತ್ತೆ ಪಕ್ಷ ಏಕೆ? ಗೋಕರ್ಣಕ್ಕೇ ಹೋಗಬೇಕೇ? ನಡೆದು ಹೋದರೆ ಒಳ್ಳೆಯದು ಎಂದು ಆಯಿ ಹೇಳುತ್ತಾಳೆ, ಅದಕ್ಕೇನು ಕಾರಣ?" ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಪಕ್ಷ ಎಂದರೆ ಯಾವ ಹದಿನೈದು ದಿನ?

ಪಕ್ಷ ಎಂಬ ಮಾತಿಗೆ ರೆಕ್ಕೆ ಎಂದೂ ಅರ್ಥವಿದೆ. ಚಾಂದ್ರಮಾಸಕ್ಕೆ ಎರಡು ರೆಕ್ಕೆ: ಚಂದ್ರ ಬೆಳೆಯುವ ಶುಕ್ಲಪಕ್ಷ, ಕರಗುವ ಕೃಷ್ಣಪಕ್ಷ. ಭಾದ್ರಪದ ಮಾಸದ ಕೃಷ್ಣಪಕ್ಷವೇ ಪಿತೃಪಕ್ಷ. ಹುಣ್ಣಿಮೆಯ ಮರುದಿನ ಶುರುವಾಗಿ ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತದೆ. ಅದರ ಮರುದಿನ ನವರಾತ್ರಿ. ನಮ್ಮಲ್ಲಿ ಬರೀ 'ಪಕ್ಷ' ಎಂದರೆ ಸಾಕು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಮಹಾಲಯ ಸವೆದು 'ಮ್ಹಾಳ' ಆಗಿದೆ.

ತಿಥಿಯ ಲೆಕ್ಕವನ್ನು ಅಳಿಯನಿಗೆ ಹೀಗೆ ಹೇಳಿದೆ. ದೇವಸ್ಥಾನದ ಪೌಳಿಯಲ್ಲಿ ಅಜ್ಜ, ಮೊಮ್ಮಗ ಇಬ್ಬರೂ ಪ್ರದಕ್ಷಿಣೆ ಬರುತ್ತಿದ್ದಾರೆ ಎಂದುಕೋ. ಅಜ್ಜ ಸೂರ್ಯ, ಒಂದು ಸುತ್ತಿಗೆ ಒಂದು ವರ್ಷ. ಮೊಮ್ಮಗ ಚಂದ್ರ, ಇಪ್ಪತ್ತೇಳು ದಿನ ಚಿಲ್ಲರೆಗೆ ಒಂದು ಸುತ್ತು. ಇಬ್ಬರೂ ಒಂದೇ ಕಡೆ ಕೂಡಿದ ಗಳಿಗೆ ಅಮಾವಾಸ್ಯೆ. ಅಲ್ಲಿಂದ ಮೊಮ್ಮಗ ಮುಂದೆ ಓಡುತ್ತಾನೆ. ಅಜ್ಜನಿಗಿಂತ ಅವನು ಪೌಳಿಯ ಮೂವತ್ತನೆಯ ಒಂದು ಪಾಲು, ಅಂದರೆ 12 ಡಿಗ್ರಿ, ಮುಂದಾದರೆ ಒಂದು ತಿಥಿ ಕಳೆಯಿತು. ಇನ್ನೊಂದು ಪಾಲು ಮುಂದಾದರೆ ಇನ್ನೊಂದು. ಮೂವತ್ತು ಪಾಲು ಮುಗಿದಾಗ ಅವನು ಮತ್ತೆ ಅಜ್ಜನ ಬೆನ್ನಿಗೆ ಬಂದು ಸೇರುತ್ತಾನೆ. ಅದಕ್ಕೆ ಇಪ್ಪತ್ತೊಂಬತ್ತೂವರೆ ದಿನ ಬೇಕು.

ಹುಡುಗನ ಓಟ ಸಮವಲ್ಲ, ಒಮ್ಮೆ ಚುರುಕು, ಒಮ್ಮೆ ನಿಧಾನ. ಹೀಗಾಗಿ ತಿಥಿ ಒಮ್ಮೆ 20 ಗಂಟೆಗೇ ಮುಗಿದರೆ ಇನ್ನೊಮ್ಮೆ 26 ಗಂಟೆ ದಾಟುತ್ತದೆ. ತಿಥಿ ನಡುರಾತ್ರಿಯಲ್ಲೂ ಬದಲಾಗಬಹುದು, ನಡುಹಗಲಲ್ಲೂ ಬದಲಾಗಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಪಂಚಮಿ ಎಂದು ಅಚ್ಚಾದ ದಿನವನ್ನು ಬಿಟ್ಟು ಭಟ್ಟರು ಹಿಂದಿನ ದಿನ ಹೇಳಿದರೆ ಗಾಬರಿಯಾಗಬೇಡಿ. ಹೆಚ್ಚಿನ ವ್ರತಗಳಿಗೆ ಸೂರ್ಯೋದಯದ ಹೊತ್ತಿನ ತಿಥಿ ಲೆಕ್ಕ. ಶ್ರಾದ್ಧಕ್ಕೆ ಅಪರಾಹ್ಣದ್ದು: ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು. ಹಿರಿಯರಿಗೆ ಊಟದ ಹೊತ್ತು ಅದು.

ಇಂಥ ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಈ ಸಾಲ ಮೂರು ವರ್ಷದೊಳಗೆ ಒಂದು ತಿಂಗಳಷ್ಟಾಗುತ್ತದೆ, ಆಗ ಅಧಿಕಮಾಸ ಸೇರಿಸಿ ತೀರಿಸುತ್ತಾರೆ. 2025ರಲ್ಲಿ ಸೆಪ್ಟೆಂಬರ್ 21ಕ್ಕೆ ಬಂದ ಮಹಾಲಯ ಅಮಾವಾಸ್ಯೆ 2026ರಲ್ಲಿ ಅಕ್ಟೋಬರ್ 10ಕ್ಕೆ ಜಿಗಿಯಲು ನಡುವೆ ಬಂದ ಅಧಿಕ ಜ್ಯೇಷ್ಠವೇ ಕಾರಣ.

ಯಾರಿಗೆ ಯಾವ ದಿನ?

ಭಾವ ತೀರಿಕೊಂಡದ್ದು ಪುಷ್ಯ ಶುದ್ಧ ಪಂಚಮಿ. ವಾರ್ಷಿಕ ಶ್ರಾದ್ಧ ಅದೇ ದಿನ, ಪುಷ್ಯದಲ್ಲಿ. ಪಕ್ಷ ಮಾತ್ರ ಭಾದ್ರಪದ ಬಹುಳ ಪಂಚಮಿಯಂದು, ಅಂದರೆ ಕೃಷ್ಣಪಕ್ಷದ ಪಂಚಮಿಯಂದು. ತಿಂಗಳು ಯಾವುದೇ ಇರಲಿ, ತಿಥಿಯ ಹೆಸರಷ್ಟನ್ನು ಇಲ್ಲಿಗೆ ತಂದುಕೊಳ್ಳುವುದು ಸಾಮಾನ್ಯ ಕ್ರಮ. ಕೆಲವು ದಿನಗಳು ಮೊದಲೇ ಮೀಸಲಾಗಿವೆ. ಗಂಡನಿರುವಾಗಲೇ ಹೋದ ಮುತ್ತೈದೆಯರಿಗೆ ಅವಿಧವಾ ನವಮಿ, ಸಂನ್ಯಾಸಿಗಳಿಗೆ ದ್ವಾದಶಿ, ಆಯುಧದಿಂದಲೋ ಅಪಘಾತದಲ್ಲೋ ಸತ್ತವರಿಗೆ ಚತುರ್ದಶಿ. ಕಡೆಯ ಅಮಾವಾಸ್ಯೆ ಎಲ್ಲರದು. ಸತ್ತ ದಿನವೇ ಗೊತ್ತಿಲ್ಲದವರಿಗೂ ಅದೇ ದಿನ. ದೋಣಿ ಹೋಗಿ ಜನ ಮರಳದಿದ್ದ ಮನೆಗಳಿರುವ ಕರಾವಳಿಯಲ್ಲಿ ಈ ಒಂದು ನಿಯಮದ ತೂಕ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು 'ತಿಥಿ ಮಾಡಿದ ಮೇಲೆ ಪಕ್ಷ ಏಕೆ' ಎಂಬ ಪ್ರಶ್ನೆ. ವಾರ್ಷಿಕ ಶ್ರಾದ್ಧ ಒಬ್ಬರ ಹೆಸರಿನದು. ಅದರಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರು ಬರುತ್ತದೆ. ಶಾಸ್ತ್ರ ಅವರನ್ನು ವಸು, ರುದ್ರ, ಆದಿತ್ಯ ರೂಪದವರೆಂದು ಕರೆಯುತ್ತದೆ. ಪಕ್ಷದ ಪಟ್ಟಿ ಬಹಳ ದೊಡ್ಡದು. ಅಮ್ಮನ ಕಡೆಯವರು, ಚಿಕ್ಕಪ್ಪ, ಸೋದರತ್ತೆ, ಮಾವ, ಮಕ್ಕಳಿಲ್ಲದೆ ಹೋದ ಅಣ್ಣ, ವಿದ್ಯೆ ಕಲಿಸಿದ ಗುರು, ಗೆಳೆಯ ಎಲ್ಲರೂ ಇದ್ದಾರೆ. ಇವರಿಗೆ ಕಾರುಣ್ಯ ಪಿತೃಗಳು ಎಂಬ ಚಂದದ ಹೆಸರಿದೆ. ರಕ್ತದ ಹಕ್ಕಿನಿಂದ ಅಲ್ಲದೆ ಬರೀ ಅಕ್ಕರೆಯಿಂದ ಎಳ್ಳುನೀರು ಪಡೆಯುವವರು. ಇವರೆಲ್ಲ ಆದ ಮೇಲೆ, ಯಾರೂ ಇಲ್ಲದವರಿಗೆ ಎಂದು ಇನ್ನೊಂದು ಧರ್ಮಪಿಂಡ. ವಾರ್ಷಿಕ ಮನೆಯವರ ಊಟ, ಪಕ್ಷ ಊರೊಟ್ಟಿನ ಊಟ ಎಂದುಕೊಂಡರೆ ತಪ್ಪಿಲ್ಲ.

ಶ್ರಾದ್ಧ, ತರ್ಪಣ, ಪಿಂಡ: ಮೂರು ಮಾತು

ಶ್ರದ್ಧೆಯಿಂದ ಮಾಡಿದ್ದು ಶ್ರಾದ್ಧ. ತೃಪ್ತಿ ಎಂಬ ಮಾತಿನ ಮೂಲದಿಂದಲೇ ಬಂದದ್ದು ತರ್ಪಣ: ಎಳ್ಳು ಬೆರೆಸಿದ ನೀರನ್ನು ಹೆಸರು ಹೇಳಿ ಬಿಡುವುದು. ಪಿಂಡ ಎಂದರೆ ಅನ್ನದ ಉಂಡೆ. ಉಂಗುರದಂತೆ ಬೆರಳಿಗೆ ತೊಡುವ ದರ್ಭೆಯ ಕುಣಿಕೆಗೆ ಪವಿತ್ರ ಎನ್ನುತ್ತಾರೆ.

ಕೈಯ ಕೆಲಸ ಗಮನಿಸುವಂಥದ್ದು. ದೇವರಿಗೆ ನೀರು ಬಿಡುವುದು ಬೆರಳ ತುದಿಯಿಂದ. ಹಿರಿಯರಿಗೆ ಹೆಬ್ಬೆರಳು, ತೋರುಬೆರಳುಗಳ ನಡುವಿನಿಂದ. ಅಂಗೈಯ ಆ ಜಾಗಕ್ಕೆ ಪಿತೃತೀರ್ಥ ಎಂದೇ ಹೆಸರು. ಎಡ ಹೆಗಲ ಮೇಲಿರುವ ಜನಿವಾರ ಬಲ ಹೆಗಲಿಗೆ ಬರುತ್ತದೆ. ದಿನನಿತ್ಯದ ದಿಕ್ಕು ತಿರುವುಮುರುವಾಗುತ್ತದೆ. ಹೊಸಬರಿಗೆ ಇದೇ ಕಷ್ಟ, ಏಕೆಂದರೆ ಕೈ ತನ್ನ ರೂಢಿಯಂತೆ ಮುಂದಕ್ಕೇ ಬಾಗುತ್ತದೆ.

ಜನಿವಾರ, ಮಂತ್ರ ಇಲ್ಲದ ಮನೆಗಳಲ್ಲಿ ಎಡೆ ಇಡುತ್ತಾರೆ. ಬಾಳೆ ಎಲೆಯ ಮೇಲೆ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಕೆಲವು ಮನೆಗಳಲ್ಲಿ ಮೀನಿನ ಪದಾರ್ಥ, ಎಲೆ ಅಡಿಕೆ, ಬೀಡಿಯೂ ಇರುತ್ತದೆ. ಅಜ್ಜನಿಗೆ ಏನು ಇಷ್ಟವಾಗಿತ್ತು ಎಂದು ಮನೆಯವರೆಲ್ಲ ಕೂತು ಚರ್ಚಿಸಬೇಕಾದ ಪ್ರಸಂಗ ವರ್ಷಕ್ಕೊಮ್ಮೆಯಾದರೂ ಬರುತ್ತದಲ್ಲ.

ಕಾಗೆಯ ವಿಷಯ. ಕಾಗೆ ಯಮನ ದೂತ, ಅದು ಮುಟ್ಟಿದರೆ ಹಿರಿಯರಿಗೆ ಸಂದಿತು ಎಂಬುದು ನಂಬಿಕೆ. ಆಲದ ಬೀಜ ಮೊಳೆಯಲು ಕಾಗೆಯೇ ಬೇಕು, ಅದಕ್ಕೇ ಋಷಿಗಳು ಹೀಗೆ ಮಾಡಿದರು ಎಂಬ ವಾಟ್ಸ್‌ಆ್ಯಪ್ ವಿಜ್ಞಾನ ಪ್ರತಿ ವರ್ಷ ನನ್ನ ಮೊಬೈಲಿಗೂ ಬರುತ್ತದೆ. ನಂಬಿಕೆಯನ್ನು ನಂಬಿಕೆಯಾಗಿಯೇ ಇರಗೊಟ್ಟರೆ ಅದಕ್ಕೇನೂ ಅವಮಾನವಿಲ್ಲ.

ಮೆಣಸಿನಕಾಯಿ ಇಲ್ಲದ ಅಡುಗೆ

ತಿಥಿ ಅಡುಗೆಗೆ ಮೆಣಸಿನಕಾಯಿ ಇಲ್ಲ, ಕಾಳುಮೆಣಸು. ಟೊಮೆಟೊ ಇಲ್ಲ, ಬಟಾಟೆ ಇಲ್ಲ, ಎಲೆಕೋಸು ಇಲ್ಲ. ಹಾಗಲಕಾಯಿ, ಬಾಳೆಕಾಯಿ, ಕೆಸ, ಸೌತೆ, ಉದ್ದಿನ ವಡೆ, ಎಳ್ಳುಂಡೆ, ಪಾಯಸ. ನಿಷೇಧ ಏಕೆಂದು ಕೇಳಿದರೆ 'ಹಿರಿಯರಿಗೆ ಆಗದು' ಎಂಬ ಉತ್ತರ. ಅದು ಅಕ್ಷರಶಃ ನಿಜ. ಮೆಣಸಿನಕಾಯಿ, ಟೊಮೆಟೊ, ಬಟಾಟೆ ಮೂರೂ ಅಮೆರಿಕ ಖಂಡದ ಬೆಳೆಗಳು, ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ಕಾಲಿಟ್ಟವು. ಹದಿನೈದನೆಯ ಶತಮಾನದ ನಮ್ಮ ಮುತ್ತಜ್ಜನ ಮುತ್ತಜ್ಜ ಅವುಗಳ ರುಚಿ ಕಂಡವನಲ್ಲ. ಅವನ ಖಾರವೆಂದರೆ ಕಾಳುಮೆಣಸು. ಅದೂ ಈ ಜಿಲ್ಲೆಯದೇ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆಯುವಷ್ಟು ಬೆಳೆದದ್ದು. ದಿನದ ಸಾರು ಹುಳಿ ಕಾಲಕ್ಕೆ ತಕ್ಕಂತೆ ಬದಲಾದವು. ಸತ್ತವರಿಗೆ ಬಡಿಸುವ ಎಲೆಯೊಂದು ಐನೂರು ವರ್ಷದ ಹಿಂದೆಯೇ ನಿಂತಿದೆ.

ಗೋಕರ್ಣವೇ ಏಕೆ?

ಗೋಕರ್ಣಕ್ಕೇ ಹೋಗಬೇಕೆಂಬ ಕಟ್ಟಳೆ ಇಲ್ಲ. ಮನೆಯಲ್ಲಿ, ಹೊಳೆಯ ದಡದಲ್ಲಿ, ಬೆಂಗಳೂರಿನ ಬಾಡಿಗೆ ಮನೆಯಲ್ಲೂ ತರ್ಪಣ ಬಿಡಬಹುದು. ಆದರೂ ಜನ ಹೋಗುವುದಕ್ಕೆ ಆ ಊರಿನ ಹೆಸರಿಗಂಟಿದ ಹಳೆಯ ನೆನಪುಗಳಿವೆ. ರಾವಣನ ಆತ್ಮಲಿಂಗ, ಬಾಲಕನಾಗಿ ಬಂದ ಗಣಪತಿ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಕಾರವಾರದ ಶೆಜ್ಜೇಶ್ವರಗಳಲ್ಲಿ ಬಿದ್ದ ಚೂರುಗಳ ಕತೆ ಎಲ್ಲರಿಗೂ ಗೊತ್ತಿದೆ, ಬಿಡೋಣ. ಅಷ್ಟು ಗೊತ್ತಿಲ್ಲದ್ದು ಒಂದಿದೆ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದ ಆಕಾಶಮಾರ್ಗವಾಗಿ ಹೊರಟಿರುತ್ತಾನೆ. ಎಲ್ಲಿಗೆ? ದಕ್ಷಿಣ ಸಮುದ್ರದ ದಡದ ಗೋಕರ್ಣದ ಶಿವನನ್ನು ಸೇವಿಸಲು. ಗಾಳಿಗೆ ಅವನ ವೀಣೆಯ ಹೂಮಾಲೆ ಜಾರಿ ಕೆಳಗೆ ಉದ್ಯಾನದಲ್ಲಿದ್ದ ಇಂದುಮತಿಯ ಮೇಲೆ ಬೀಳುತ್ತದೆ, ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಗಂಡ ಅಜರಾಜ ಅಳುತ್ತಾನೆ. ಸಂಸ್ಕೃತ ಕಾವ್ಯದ ಪ್ರಸಿದ್ಧ ವಿಲಾಪಗಳಲ್ಲಿ ಒಂದು ಶುರುವಾಗುವುದೇ ಗೋಕರ್ಣಯಾತ್ರೆಯ ದಾರಿಯಲ್ಲಿ.

ಇನ್ನು 'ತೀರ್ಥ' ಎಂಬ ಮಾತು. ನಾವು ಉದ್ಧರಣೆಯಲ್ಲಿ ಕೊಡುವ ನೀರಿಗೆ ಅದನ್ನು ಬಳಸುತ್ತೇವೆ. ಮೂಲದಲ್ಲಿ ಅದು ದಾಟುವುದಕ್ಕೆ ಸಂಬಂಧಿಸಿದ್ದು; ಹೊಳೆಯನ್ನು ಇಳಿದು ದಾಟಬಹುದಾದ ಜಾಗವೇ ತೀರ್ಥ. ದೋಣಿಗೆ ಸಂಸ್ಕೃತದಲ್ಲಿ 'ತರಿ' ಎನ್ನುವುದೂ ಅದೇ ಧಾತುವಿನಿಂದ. ನಮ್ಮ ಕರಾವಳಿಯಲ್ಲಿ ಹೊಳೆ ದಾಟಿಸುವ ದೋಣಿಗೆ ಇಂದಿಗೂ 'ತಾರಿ' ಎನ್ನುತ್ತಾರೆ. ಗೋಕರ್ಣ ಕೂತಿರುವುದು ಬಡಗಲ ಗಂಗಾವಳಿ, ತೆಂಕಲ ಅಘನಾಶಿನಿಗಳ ನಡುವೆ. ಸೇತುವೆಗಳಿಲ್ಲದ ಕಾಲದಲ್ಲಿ ಕರಾವಳಿಯ ಗುಂಟ ಬಂದವರು ಯಾರೇ ಆಗಲಿ, ತಾರಿ ಹತ್ತದೆ ಈ ತೀರ್ಥವನ್ನು ಕಾಣುವಂತಿರಲಿಲ್ಲ.

ನಡೆದರೆ ಏನು ಬರುತ್ತದೆ?

'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ನಮ್ಮ ಜಿಲ್ಲೆಯದು. ಯಾಣದ ಕಲ್ಲುಗಳಿಗೆ ಹೋಗಲು ಕಾಡಿನಲ್ಲಿ ನಡೆಯುವ ಕಸುವು ಬೇಕಿತ್ತು. ಗೋಕರ್ಣಕ್ಕೆ ದಕ್ಷಿಣೆಯ ಗಂಟು. ಗಾದೆ ಕಟ್ಟಿದವನು ಕಾಲಿನ ಯಾತ್ರೆ, ಕಿಸೆಯ ಯಾತ್ರೆ ಎಂದು ಎರಡನ್ನೂ ಬೇರೆಬೇರೆ ಇಟ್ಟುಬಿಟ್ಟ.

ಗ್ರಂಥಗಳಲ್ಲಿಯೂ ಈ ಲೆಕ್ಕ ಇದೆ. ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ಮಾತು ಬರುವಾಗ ಹೇಳುವುದು ಇಷ್ಟು: ಯಜ್ಞಕ್ಕೆ ಸಾಮಗ್ರಿ ಬೇಕು, ಹಣ ಬೇಕು, ಅದು ರಾಜರಿಗೆ, ಬಡವನೂ ಮಾಡಬಹುದಾದದ್ದು ತೀರ್ಥಯಾತ್ರೆ, ಅದು ಯಜ್ಞಕ್ಕಿಂತ ಮಿಗಿಲು. ಅದರ ಫಲ ಯಾರಿಗೆ? ಕೈ, ಕಾಲು, ಮನಸ್ಸು ಹಿಡಿತದಲ್ಲಿ ಇರುವವನಿಗೆ. ಅಲ್ಲಿನ ತೀರ್ಥಗಳ ಪಟ್ಟಿಯಲ್ಲಿ ಗೋಕರ್ಣವೂ ಇದೆ. ಐತರೇಯ ಬ್ರಾಹ್ಮಣದ ಕತೆಯಲ್ಲಿ ಮನೆಗೆ ಮರಳಹೊರಟ ರೋಹಿತನೆಂಬ ರಾಜಕುಮಾರನನ್ನು ಇಂದ್ರ ಮತ್ತೆ ಮತ್ತೆ ತಡೆದು 'ಚರೈವೇತಿ', ನಡೆಯುತ್ತಲೇ ಇರು ಎನ್ನುತ್ತಾನೆ. ನಡೆಯುವವನ ಮೀನಖಂಡ ಹೂ ಬಿಡುತ್ತವೆ, ನಡೆಯುವವನಿಗೆ ಜೇನು ಸಿಗುತ್ತದೆ ಎಂದು ಆಸೆಯನ್ನೂ ಹಚ್ಚುತ್ತಾನೆ. ಮಾತು ಬಲ್ಲವನು ಇಂದ್ರ.

ಶಿರಸಿಯವರಿಗೆ ದೂರದ ಉದಾಹರಣೆ ಬೇಡ. ಸೋದೆಯಲ್ಲಿ ವೃಂದಾವನಸ್ಥರಾದ ವಾದಿರಾಜರು ದೇಶ ಸುತ್ತಿ, ಕಂಡ ಕ್ಷೇತ್ರಗಳನ್ನು ದಿಕ್ಕಿಗೊಂದು ಭಾಗದಂತೆ ನಾಲ್ಕು ಭಾಗ ಮಾಡಿ 'ತೀರ್ಥಪ್ರಬಂಧ' ಬರೆದರು.

ಪುಣ್ಯದ ಲೆಕ್ಕ ಅಳೆಯುವ ಯಂತ್ರವಿಲ್ಲ, ಅದನ್ನು ನಂಬುವವರ ಪಾಲಿಗೆ ಬಿಡಬೇಕು. ಮೈಮನಸ್ಸಿನಲ್ಲಿ ಆಗುವುದನ್ನು ಮಾತ್ರ ಸ್ವಲ್ಪ ವಿವರಿಸಬಹುದು. ನಡಿಗೆಯ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಹಳಬರ 'ಹರದಾರಿ' ಎಂದರೆ ಸುಮಾರು ಮೂರು ಮೈಲಿ, ಗಂಟೆ ಚಿಲ್ಲರೆಯ ದಾರಿ. ಈ ವೇಗದಲ್ಲಿ ಉಸಿರು ಏರುವುದಿಲ್ಲ, ಮಾತು ಕಡಿಯುವುದಿಲ್ಲ. ಇಬ್ಬರು ಮುಖ ನೋಡಿಕೊಂಡು ಕೂರುವ ಬದಲು ಒಂದೇ ದಿಕ್ಕಿಗೆ ನೋಡುತ್ತ ನಡೆಯುತ್ತಾರೆ. ಮಾತು ನಿಂತರೂ ಮುಜುಗರವಿಲ್ಲ, ಹೆಜ್ಜೆ ನಡೆದೇ ಇರುತ್ತದೆ. ಸಾವಿನ ಮನೆಗೆ ಹೋಗಿ ಏನು ಮಾತಾಡಬೇಕೆಂದು ತಿಳಿಯದೆ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ಸಂಶೋಧನೆಯದು. ದುಃಖದಲ್ಲಿರುವ ಮನಸ್ಸು ಎತ್ತಿನ ಗಾಣದಂತೆ ಒಂದೇ ಯೋಚನೆಯ ಸುತ್ತ ತಿರುಗುತ್ತದೆ: ಆಸ್ಪತ್ರೆಗೆ ಒಂದು ದಿನ ಮೊದಲೇ ಕರೆದೊಯ್ದಿದ್ದರೆ? ಆ ಫೋನು ಎತ್ತಿದ್ದರೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 38 ಜನರನ್ನು ಎರಡು ಗುಂಪು ಮಾಡಿ ಒಂದೂವರೆ ಗಂಟೆ ನಡೆಸಿದರು, ಒಂದು ಗುಂಪನ್ನು ಹುಲ್ಲು ಮರಗಳ ನಡುವೆ, ಇನ್ನೊಂದನ್ನು ವಾಹನಗಳ ರಸ್ತೆಯಲ್ಲಿ. ಮರಗಳ ನಡುವೆ ನಡೆದವರಲ್ಲಿ ಈ ಗಾಣದ ಸುತ್ತು ತಗ್ಗಿತ್ತು, ಅದಕ್ಕೆ ಸಂಬಂಧಿಸಿದ ಮಿದುಳಿನ ಒಂದು ಭಾಗದ ಚಟುವಟಿಕೆಯೂ ತಗ್ಗಿತ್ತು. ಅವರು ಆರೋಗ್ಯವಂತರು, ಶೋಕದಲ್ಲಿದ್ದವರಲ್ಲ. ಆದ್ದರಿಂದ ಇದನ್ನು ಔಷಧಿ ಚೀಟಿ ಎಂದು ಓದಬಾರದು.

ಈ ಹೊತ್ತಿನಲ್ಲೇ ಏಕೆ?

ಭಾದ್ರಪದ ವರ್ಷಋತುವಿನ ಕೊನೆಯ ತಿಂಗಳು. ಅಮಾವಾಸ್ಯೆಯ ಮರುದಿನದಿಂದ ಶರದೃತು. ಮಳೆಗಾಲದಲ್ಲಿ ಒಂದೇ ಕಡೆ ನಿಂತು ಚಾತುರ್ಮಾಸ್ಯ ಮಾಡುವ ಯತಿಗಳಲ್ಲಿ ಪಕ್ಷವನ್ನೇ ಮಾಸವೆಂದು ಎಣಿಸಿ ಎರಡು ತಿಂಗಳಿಗೆ ವ್ರತ ಮುಗಿಸುವವರು ಭಾದ್ರಪದ ಹುಣ್ಣಿಮೆಗೆ ಸೀಮೋಲ್ಲಂಘನ ಮಾಡುತ್ತಾರೆ, ಅಂದರೆ ಊರಿನ ಎಲ್ಲೆ ದಾಟುತ್ತಾರೆ. ಮರುದಿನವೇ ಪಕ್ಷ ಶುರು. ನಡೆಯುವವರಿಗೆ ದಾರಿ ತೆರೆದ ಗಳಿಗೆಯೂ ಸತ್ತವರಿಗೆ ಬಾಗಿಲು ತೆರೆದ ಗಳಿಗೆಯೂ ಅಕ್ಕಪಕ್ಕ ಇವೆ. ತೋಟದ ಲೆಕ್ಕದಲ್ಲೂ ಇದು ಬಿಡುವು: ಕೊಳೆರೋಗಕ್ಕೆ ಮದ್ದು ಹೊಡೆದು ಮುಗಿದಿರುತ್ತದೆ, ಅಡಿಕೆ ಕೊಯ್ಲು ಇನ್ನೂ ದೂರವಿರುತ್ತದೆ.

ಕಾರವಾರದ ಕ್ರೈಸ್ತರಿಗೆ ಇಂಥದೇ ದಿನ ನವೆಂಬರ್ 2. ಅಂದು ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಫ್ರಾನ್ಸಿನ ಕ್ಲೂನಿ ಎಂಬ ಮಠದಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಗೊತ್ತುಮಾಡಿದ ದಿನ ಅದು. ಅದಾಗಿ ತಿಂಗಳೊಳಗೆ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಹಳೆ ಗೋವಾದ ಕಡೆ ಕಾಲ್ನಡಿಗೆಯಲ್ಲಿ ಹೊರಡುವವರು ಕಾರವಾರದ ಕಡೆಯಿಂದಲೂ ಇದ್ದಾರೆ.

ಹೋಗುವವರಿಗೆ ಎರಡು ಎಚ್ಚರಿಕೆ

ಅಮಾವಾಸ್ಯೆಯ ದಿನ ಸೂರ್ಯ, ಚಂದ್ರ ಒಂದೇ ಸಾಲಿನಲ್ಲಿ ಸಮುದ್ರವನ್ನು ಎಳೆಯುತ್ತಾರೆ. ಉಬ್ಬರ ಎಂದಿಗಿಂತ ಮೇಲೆ ಬರುತ್ತದೆ, ಇಳಿತ ಎಂದಿಗಿಂತ ಕೆಳಗೆ ಹೋಗುತ್ತದೆ. ಮಹಾಲಯ ಅಮಾವಾಸ್ಯೆಗೆ ದಡದಲ್ಲಿ ತರ್ಪಣಕ್ಕೆ ಕೂರುವವರು ನೀರಿನ ಹೊತ್ತನ್ನು ಸ್ಥಳೀಯ ಮೀನುಗಾರರಲ್ಲಿ ಕೇಳಿಕೊಂಡೇ ಇಳಿಯಬೇಕು. ಮಳೆ ಕಡಿಮೆಯಾದರೂ ಕಡಲು ಇನ್ನೂ ಒರಟಾಗಿರುತ್ತದೆ. ಇನ್ನೊಂದು, ಚಿರೆಕಲ್ಲಿನ ಮೇಲಿನ ಪಾಚಿ. ಕುಡ್ಲೆ, ಓಂ ಬೀಚುಗಳ ನಡುವಿನ ಗುಡ್ಡದ ಕಾಲುದಾರಿಯಲ್ಲಿ ಜಾರಿ ಬೀಳುವುದು ಬಹಳ ಸುಲಭ. ಘಟ್ಟದ ಮೇಲಿನ ದಾರಿಯಾದರೆ ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಸುಣ್ಣವೋ ಉಪ್ಪೋ ಕಿಸೆಯಲ್ಲಿರಲಿ.

ನಾವು ನಡೆದದ್ದು

ಶಿರಸಿಯಿಂದ ನಡೆಯುವ ಸೊಕ್ಕು ನಮಗಿರಲಿಲ್ಲ. ಕುಮಟಾದವರೆಗೆ ಬಸ್ಸು, ಅಘನಾಶಿನಿ ಊರಿನಿಂದ ತಾರಿ ಹತ್ತಿ ತದಡಿಯಲ್ಲಿ ಇಳಿದದ್ದು, ಅಲ್ಲಿಂದ ಎರಡು ಹರದಾರಿ. ತಾರಿಯಲ್ಲಿ ನಮ್ಮ ಜೊತೆ ಎರಡು ಬೈಕು, ಮೀನಿನ ಬುಟ್ಟಿ ಹಿಡಿದ ಮೂವರು ಹೆಂಗಸರು. ಉಪ್ಪುನೀರು ಬರುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಎದ್ದು ನಿಂತಿತ್ತು, ಉಪ್ಪು ನೀರನ್ನು ತಡೆದು ಬೆಳೆಯುವ ಜಾತಿ ಅದು. ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪಿನ ಸುಳಿವಿಲ್ಲ, ಮಳೆನೀರು ತುಂಬಿತ್ತು. ಮೊದಲ ಅರ್ಧ ಗಂಟೆ ಅಳಿಯ ಕಂಪನಿಯ ಸುದ್ದಿ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಗರದ ದಂಡೆ ದಾಟುವಾಗ, ನನ್ನನ್ನು ನೋಡದೆ, "ಅಪ್ಪ ಚಪ್ಪಲಿಯ ಹಿಮ್ಮಡಿ ಬಲಗಡೆ ಮಾತ್ರ ಸವೆಸುತ್ತಿದ್ದರು, ಗೊತ್ತೇ ಮಾವ?" ಎಂದ. ನನಗೆ ಗೊತ್ತಿರಲಿಲ್ಲ.

ಗೋಕರ್ಣದಲ್ಲಿ ಕಡಲಿಗೆ ಮುಳುಗು ಹಾಕಿ, ಕೋಟಿತೀರ್ಥವೆಂಬ ಕೆರೆಯ ಮೆಟ್ಟಿಲಲ್ಲಿ ಕೂತೆವು. ದರ್ಭೆಯ ಪವಿತ್ರ ಅವನ ಬೆರಳಿಗೆ ಸಡಿಲ, ಎರಡು ಸಲ ನೀರಿಗೆ ಬಿತ್ತು. ಭಟ್ಟರು ಅಪ್ಪನ ಹೆಸರು ಕೇಳಿದರು, ಹೇಳಿದ. ಅಜ್ಜನದು ಹೇಳಿದ. ಮುತ್ತಜ್ಜನದು ಸ್ವಲ್ಪ ತಡೆದು ಹೇಳಿದ. ತಾಯಿಯ ಸಾಲಿಗೆ ಬಂದಾಗ, ಅವನ ಆಯಿ ಇದ್ದಾಳಲ್ಲ, ಅದನ್ನು ಬಿಟ್ಟು ಅಜ್ಜಿಯ ಹೆಸರಾಯಿತು. ಮುತ್ತಜ್ಜಿಯದು ಬಾರಲಿಲ್ಲ. ನನ್ನ ಕಡೆ ನೋಡಿದ. ಅದು ಭಾವನ ಮನೆತನ, ನನಗೆಲ್ಲಿಂದ ಬರಬೇಕು? ಭಟ್ಟರು ಅವಸರ ಮಾಡಲಿಲ್ಲ, "ಮನೆಗೆ ಫೋನು ಮಾಡಿ ಕೇಳಿ" ಎಂದರು.

ಒದ್ದೆ ಕೈಯಲ್ಲೇ ಶಿರಸಿಯ ಸೋದರತ್ತೆಗೆ ಫೋನು ಹಚ್ಚಿದ. ಹೆಸರು ಅತ್ತೆಗೆ ಕೂಡಲೇ ನೆನಪಾಯಿತು. ಅವನು ಅದನ್ನು ಎರಡು ಸಲ ಹೇಳಿಕೊಂಡು, ಹೆಬ್ಬೆರಳ ಬುಡದಿಂದ ನೀರು ಬಿಟ್ಟ. ಫೋನು ಮಾತ್ರ ಮೆಟ್ಟಿಲ ಮೇಲೆ ಹಾಗೆಯೇ ಇತ್ತು, ಅತ್ತೆ ಇಡಲಿಲ್ಲ. ಆ ಮುತ್ತಜ್ಜಿ ಯಾವ ಊರಿಂದ ಬಂದವಳು, ಎಂಥ ಸಿಡುಕಿ, ಉಪ್ಪಿನಕಾಯಿ ಭರಣಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎಂದು ಅವರ ಮಾತು ಮೆಟ್ಟಿಲ ಮೇಲಿಂದ ಸಣ್ಣಗೆ ಕೇಳುತ್ತಲೇ ಇತ್ತು.